ಮನೆಯವರಿಗೆ ಕೊನೆಯ ಪಂಕ್ತಿ

ಮಾರ್ಚ್ ಕೊನೆಯಲ್ಲಿ ಸುಮನಾಳ ಆಫೀಸು ಖಾಲಿ ಮಾಡಲು ಅವಳ ಜೊತೆ ಕಾಲೇಜಿನ ಈಜುಕೊಳಕ್ಕೆ ಹೋಗಿದ್ದೆ. ಈ ವರ್ಷದ ಸೀಸನ್ ಮುಗಿಸಿ ನನ್ನ ಹೆಂಡತಿ ಕೋಚ್ ಕೆಲಸದಿಂದ ನಿವೃತ್ತಳಾದಳು. ಹೊರಗೆ ಇನ್ನೂ ಮೂಗು ಕೆಂಪಾಗುವ ಚಳಿ. ಒಳಬಾಗಿಲು ತಳ್ಳಿದ ಕೂಡಲೇ ಬಿಸಿ ಗಾಳಿ ಬಡಿದು ಕನ್ನಡಕದ ಮೇಲೆ ಹಬೆ ಕೂತಿತು. ಏನೂ ಕಾಣಿಸದೆ ನಿಂತಿದ್ದಾಗ ಕ್ಲೋರಿನ್ ವಾಸನೆ ಮಾತ್ರ ಬಂತು. ಆ ವಾಸನೆ ನನಗೆ ಹೊಸದಲ್ಲ. ನಮ್ಮ ಮನೆಯ ಟವೆಲ್ಲುಗಳಲ್ಲಿ, ಕಾರಿನ ಸೀಟಿನಲ್ಲಿ, ಸುಮನಾಳ ಕೂದಲಿನಲ್ಲಿ ಅದು ಇಷ್ಟು ವರ್ಷ ಇತ್ತು. ಇದೆ ಎಂಬುದನ್ನೇ ಮರೆತಿದ್ದೆ. ಆ ದಿನ ಮಾತ್ರ, ಕಣ್ಣು ಕಾಣದ ಆ ಕ್ಷಣದಲ್ಲಿ, ವರ್ಷಗಳ ಹಿಂದಿನ ಒಂದು ಚಳಿಗಾಲದ ಮೇಘಾ ನೆನಪಾದಳು. ಪ್ರಾಕ್ಟೀಸು ಮುಗಿಸಿ ಕೊಳದಿಂದ ಕಾರಿಗೆ ಬರುವಷ್ಟರಲ್ಲಿ ಅವಳ ಒದ್ದೆ ಕೂದಲು ಹೆಪ್ಪುಗಟ್ಟಿ ಕಡ್ಡಿ ಕಡ್ಡಿಯಾಗಿರುತ್ತಿತ್ತು. ಅದನ್ನು ಬೆರಳಲ್ಲಿ ಪಟಪಟ ಮುರಿಯುತ್ತಾ ನಗುತ್ತಿದ್ದಳು.

ಮೇಘಾ ನಮ್ಮ ಒಬ್ಬಳೇ ಮಗಳು. ಈಗ ಇಲ್ಲೇ ಹತ್ತಿರದ ಮನ್ರೋ ಊರಿನಲ್ಲಿ ಗಂಡ ಮಗುವಿನ ಜೊತೆ ಇದ್ದಾಳೆ.

ನೆನಪನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಡಬ್ಬಗಳನ್ನು ಕಾರಿಗೆ ತುಂಬಿ ಹೊರಡುವಾಗ ಪ್ರಸನ್ನನ ಫೋನ್ ಬಂತು. ಪ್ರಸನ್ನ ನಮ್ಮ ಕನ್ನಡ ಸಂಘದ ಹುಡುಗ, ಕಾರ್ಯಕ್ರಮಗಳ ನಿರೂಪಣೆ ಮಾಡುವವನು.

“ಅಂಕಲ್, ಯುಗಾದಿ ಪ್ರೋಗ್ರಾಂನಲ್ಲಿ ಆಂಟಿಗೆ ಸನ್ಮಾನ ಇಟ್ಕೊಂಡಿದೀವಿ. ಆ ರಿಲೇ ಕಥೆ ನಾನೇ ಹೇಳ್ತೀನಿ. ಸ್ವಂತ ಮಗಳನ್ನೇ ಬಿಟ್ಟು ಬೇರೆ ಹುಡುಗೀನ ಹಾಕಿದ್ರಲ್ಲಾ, ಅದು. ಗೂಸ್‌ಬಂಪ್ಸ್ ಬರುತ್ತೆ ಅಂಕಲ್!”

“ಬೇರೆ ಏನಾದ್ರೂ ಹೇಳಪ್ಪ” ಎಂದೆ.

“ಅದಕ್ಕಿಂತ ಬೆಟರ್ ಯಾವ್ದಿದೆ ಅಂಕಲ್?”

ಪಕ್ಕದಲ್ಲಿ ಸುಮನಾ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಿದ್ದಳು. ಫೋನು ಸ್ಪೀಕರಿನಲ್ಲಿತ್ತು. ಬೆಲ್ಟಿನ ಕೊಕ್ಕೆ ಸಿಕ್ಕಿಸಿ ಕಿಟಕಿಯ ಕಡೆ ತಿರುಗಿದಳು. “ಆಯ್ತಪ್ಪ” ಎಂದೆ.

ನಾನು ಕೆಲಸ ಮಾಡಿದ್ದು ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ. ಒಂದೇ ಸ್ಯಾಂಪಲ್ಲನ್ನು ಯಾರು ಪರೀಕ್ಷಿಸಿದರೂ ಒಂದೇ ಫಲಿತಾಂಶ ಬರಬೇಕು. ಬರದಿದ್ದರೆ ತಪ್ಪು ಸ್ಯಾಂಪಲ್ಲಿನದಲ್ಲ, ಪರೀಕ್ಷಿಸಿದವರದು ಎಂದು ನಾವು ಹೊಸಬರಿಗೆ ಹೇಳುತ್ತಿದ್ದೆವು. ಆ ಚಳಿಗಾಲದ ಬಗ್ಗೆ ನನ್ನ, ಸುಮನಾಳ, ಮೇಘಾಳ ನೆನಪುಗಳು ತಾಳೆಯಾಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿರುವುದನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೂ ಪ್ರಸನ್ನನ ಕಥೆಗಿಂತ ಇದು ನಿಜಕ್ಕೆ ಹತ್ತಿರ ಎಂಬಷ್ಟು ಧೈರ್ಯವಿದೆ.

ಸುಮನಾ ಮೈಸೂರಿನವಳು, ವಿಶ್ವವಿದ್ಯಾಲಯದ ತಂಡದಲ್ಲಿ ಈಜಿದವಳು. ಮದುವೆಯಾಗಿ ನನ್ನ ಜೊತೆ ಈ ದೇಶಕ್ಕೆ ಬಂದಾಗ ಊರಿನ ಸಾರ್ವಜನಿಕ ಕೊಳದಲ್ಲಿ ಪುಟ್ಟ ಮಕ್ಕಳಿಗೆ ನೀರಿನೊಳಗೆ ಮುಖ ಇಟ್ಟು ಗುಳ್ಳೆ ಬಿಡುವುದನ್ನು ಕಲಿಸುವ ಕೆಲಸಕ್ಕೆ ಸೇರಿದಳು. ಅಲ್ಲಿಂದ ಕಾಲೇಜಿನಲ್ಲಿ ಸಹಾಯಕ ಕೋಚ್. ಆಮೇಲೆ ಯಾರೂ ಬೇಡವೆಂದ ಹೆಣ್ಣುಮಕ್ಕಳ ತಂಡಕ್ಕೆ ಮುಖ್ಯ ಕೋಚ್. ಯಾವಾಗಲೂ ಕೊನೆಗೆ ಬರುತ್ತಿದ್ದ ಆ ತಂಡ ಅವಳ ಕೈಯಲ್ಲಿ ಕಾನ್ಫರೆನ್ಸ್, ಅಂದರೆ ಸುತ್ತಲಿನ ಕಾಲೇಜುಗಳ ಚಾಂಪಿಯನ್‌ಶಿಪ್, ಗೆಲ್ಲುವ ಮಟ್ಟಕ್ಕೆ ಬಂತು. ನಮ್ಮವರ ಕೂಟಗಳಲ್ಲಿ ಮೊದಮೊದಲು “ಸ್ವಿಮ್ಮಿಂಗ್ ಟೀಚರ್ರಾ?” ಎನ್ನುತ್ತಿದ್ದವರು ಆಮೇಲೆ ತಮ್ಮ ಮಕ್ಕಳ ಕಾಲೇಜು ಅರ್ಜಿಯ ಬಗ್ಗೆ ಸಲಹೆ ಕೇಳಲು ಅವಳ ಸುತ್ತ ಸೇರತೊಡಗಿದರು.

ತಂಡದಲ್ಲಿ ಅವಳು ಮಾಡಿದ ಒಂದು ನಿಯಮ ಪ್ರಸಿದ್ಧವಾಗಿತ್ತು. “ರಿಲೇಗೆ ನಾಲ್ವರನ್ನು ಆರಿಸುವುದು ನಾನಲ್ಲ, ಗಡಿಯಾರ” ಎನ್ನುತ್ತಿದ್ದಳು. ಆ ಸೀಸನ್ನಿನಲ್ಲಿ ಯಾರ ಟೈಮಿಂಗ್ ಚೆನ್ನಾಗಿದೆಯೋ ಅವರು ಈಜುತ್ತಾರೆ. ಹಿರಿಯರು ಕಿರಿಯರು, ಬೇಕಾದವರು ಬೇಡದವರು ಎಂಬುದಿಲ್ಲ. ಹುಡುಗಿಯರು ಅವಳನ್ನು ನಂಬಿದ್ದು ಅದಕ್ಕೇ.

ಮೇಘಾ ಓದುತ್ತಿದ್ದದ್ದು ಪೆನ್ಸಿಲ್ವೇನಿಯಾದ ಒಂದು ಕಾಲೇಜಿನಲ್ಲಿ. ಅಮ್ಮನ ನೆರಳಿನಿಂದ ದೂರ ಇರಲೆಂದು ತಾನೇ ಆರಿಸಿಕೊಂಡದ್ದು. ಅವಳ ಕೊನೆಯ ವರ್ಷಕ್ಕೆ ಮುಂಚೆ ಆ ಕಾಲೇಜು ಈಜಿನ ತಂಡವನ್ನೇ ಮುಚ್ಚಿತು. ಇನ್ನೊಂದು ವರ್ಷ ಈಜಬೇಕೆಂದರೆ ಅವಳಿಗೆ ಉಳಿದಿದ್ದ ದಾರಿ ಒಂದೇ. ಹಿಲ್ಸ್‌ಬರೋದ ನಮ್ಮ ಮನೆಗೆ ವಾಪಸು ಬಂದು ಅಮ್ಮನ ತಂಡಕ್ಕೆ ಸೇರಿದಳು.

ಮೊದಲ ದಿನವೇ ಇಬ್ಬರೂ ಒಪ್ಪಂದ ಮಾಡಿಕೊಂಡರು. ಕೊಳದಲ್ಲಿ “ಕೋಚ್”, ಮನೆಯಲ್ಲಿ “ಅಮ್ಮ”. ಎಲ್ಲಿ ಬದಲಾಗಬೇಕು ಎಂಬುದಕ್ಕೂ ಒಂದು ಗಡಿ ಗೊತ್ತುಮಾಡಿದರು: ಮನೆಗೆ ಬರುವ ದಾರಿಯಲ್ಲಿ ರಾರಿಟನ್ ನದಿಯ ಸೇತುವೆ. ಸೇತುವೆಯ ಆಚೆ ಕೋಚ್, ಈಚೆ ಅಮ್ಮ. ಕೆಲವು ದಿನ ಸೇತುವೆಯ ಮಧ್ಯೆ ಟ್ರಾಫಿಕ್ ನಿಂತರೆ ಮೇಘಾ “ನೌ ಯು ಆರ್ ನೋಬಡಿ” ಎಂದು ರೇಗಿಸುತ್ತಿದ್ದಳಂತೆ. ಸುಮನಾ ಇದನ್ನು ನನಗೆ ಹೇಳಿ ಹೇಳಿ ನಗುತ್ತಿದ್ದಳು.

ಆ ನಗು ಅಕ್ಟೋಬರಿನದು. ನವೆಂಬರಿಗೆ ಬೇರೊಂದು ಶುರುವಾಗಿತ್ತು. ನಾನು ಮೀಟುಗಳಿಗೆ, ಅಂದರೆ ಈಜಿನ ಪಂದ್ಯಗಳಿಗೆ, ಹೋದಾಗ ಕಣ್ಣಿಗೆ ಬೀಳುತ್ತಿತ್ತು. ವಾರ್ಮಪ್ಪಿನಲ್ಲಿ ಮೇಘಾಗೆ ಯಾವಾಗಲೂ ಗೋಡೆ ಪಕ್ಕದ ಲೇನು, ಅಲೆ ಬಡಿದು ವಾಪಸು ಬರುವ ಜಾಗ. ಎಲ್ಲರ ಕೈ ಬೀಸುವ ಸ್ಟ್ರೋಕು ತಿದ್ದಿ ಸಮಯ ಉಳಿದರೆ ಅವಳದು. ಬೇರೆ ಹುಡುಗಿ ತಡವಾಗಿ ಬಂದರೆ ಒಂದು ನೋಟ, ಮೇಘಾ ತಡವಾದರೆ ಎಲ್ಲರೆದುರು ಮಾತು. ಸುಮನಾಗೆ ಇದು ಕ್ರೌರ್ಯವೆನಿಸಿರಲಿಲ್ಲ, ಮರ್ಯಾದೆಯೆನಿಸಿತ್ತು. ಅವಳ ತವರಿನಲ್ಲಿ ಹಬ್ಬ ಹುಣ್ಣಿಮೆಗೆ ಎಲೆ ಹಾಕಿದರೆ ಮನೆ ಮಕ್ಕಳು ಕೊನೆಯ ಪಂಕ್ತಿಗೆ. ಬಂದವರೆಲ್ಲ ಉಂಡೆದ್ದ ಮೇಲೆ ಉಳಿದ ತಳದ ಸಾರು, ಒಡೆದ ಹಪ್ಪಳ ಇವರ ಪಾಲು. ಅದನ್ನು ಅವಳು ಬಡತನದ ಮಾತಾಗಿ ಹೇಳುತ್ತಿರಲಿಲ್ಲ. ಹೆಮ್ಮೆಯಿಂದ ಹೇಳುತ್ತಿದ್ದಳು. ನಾನೂ ಹಾಗೇ ಬೆಳೆದವನು, ಕೇಳಿ ತಲೆದೂಗುತ್ತಿದ್ದೆ.

ಕ್ರಿಸ್‌ಮಸ್ ರಜೆಯಲ್ಲಿ ಕಾಲೇಜಿಗೆ ರಜೆ, ಈಜುವವರಿಗೆ ಇಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೀರಿಗಿಳಿಯಬೇಕು. ಆ ವರ್ಷ ಹಿಮವೂ ಬಿಡದೆ ಬಿತ್ತು. ಬೆಳಗಾಗುವ ಮುಂಚೆ ನಾನು ಡ್ರೈವ್‌ವೇಯ ಹಿಮ ಗೋರಿ ಕೊಡುತ್ತಿದ್ದೆ, ತಾಯಿ ಮಗಳು ಮಾತಿಲ್ಲದೆ ಕಾರು ಹತ್ತುತ್ತಿದ್ದರು. ಸಂಜೆ ಮೇಘಾ ಮನೆಗೆ ಬಂದರೆ ಫ್ರಿಜ್ಜಿನ ಬಾಗಿಲು ತೆರೆದುಕೊಂಡು ನಿಂತೇ ಮೊಸರನ್ನ ತಿನ್ನುತ್ತಿದ್ದಳು. ಅಂಥ ಹಸಿವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಆ ಜನವರಿಯ ಸಂಕ್ರಾಂತಿ ಊಟ ನಮ್ಮ ಮನೆಯಲ್ಲಿತ್ತು. ನಮ್ಮವರ ಅಂಗಡಿಗಳಿರುವ ಐಸೆಲಿನ್‌ಗೆ ಹೋಗಿ ಕಬ್ಬು, ಅವರೆಕಾಳು, ಎಳ್ಳು ತಂದಿದ್ದೆ. ಮನೆ ತುಂಬ ಜನ, ಬಾಗಿಲಲ್ಲಿ ಹಿಮದ ಬೂಟುಗಳ ರಾಶಿ. ಸುಮನಾ ಆ ಮಧ್ಯಾಹ್ನದ ಪ್ರಾಕ್ಟೀಸನ್ನು ಸಹಾಯಕ ಕೋಚ್‌ಗೆ ಬಿಟ್ಟು ಮನೆಯಲ್ಲಿದ್ದಳು. ಮೇಘಾ ಪ್ರಾಕ್ಟೀಸಿನಿಂದ ಬಂದವಳೇ ತಟ್ಟೆ ತೆಗೆದುಕೊಂಡು ಪೊಂಗಲ್ ಬಡಿಸಿಕೊಳ್ಳಲು ಹೋದಳು.

“ಮೇಘಾ, ಎಲ್ರದ್ದೂ ಆಗ್ಲಿ” ಎಂದಳು ಸುಮನಾ.

“ಅಮ್ಮಾ, ಐ ಸ್ವಾಮ್ ಆಲ್ ಡೇ.”

“ಮನೆಯವರು ಕೊನೆಗೆ. ಗೊತ್ತಿಲ್ವಾ ನಿಂಗೆ?”

ಮೇಘಾ ತಟ್ಟೆ ಇಟ್ಟಳು. ಆಗ ಗುರುರಾಜ ದೊಡ್ಡ ದನಿಯಲ್ಲಿ ನಕ್ಕರು. ಗುರುರಾಜ ಧಾರವಾಡದವರು, ಹೃದಯದ ಡಾಕ್ಟರು, ಯಾರನ್ನೂ ಬಿಡದೆ ಚೇಷ್ಟೆ ಮಾಡುವವರು.

“ಯವ್ವಾ ಮೇಘಾ, ನೀ ಯಾಕ ಚಿಂತಿ ಮಾಡ್ತಿ? ಬಡಸಾವ್ರು ನಮ್ಮವ್ರಿದ್ರ ಕಡೀ ಪಂಕ್ತ್ಯಾಗ ಕುಂತ್ರೂ ಏನ್ ಕಡಿಮಿ ಆಗೂದಿಲ್ಲ. ಅಲ್ಲಿ ಟೀಮಿನ್ಯಾಗೂ ಬಡಸಾಕಿ ನಿಮ್ಮವ್ವನ ಅಲ್ಲೇನು? ರಿಲೇ ಸೀಟು ಗ್ಯಾರಂಟಿ ಬಿಡು!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಮನಾ ಮಾತ್ರ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ವಾಪಸು ಇಟ್ಟು ಒಳಗೆ ಹೋದಳು. ಗುರುರಾಜರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಮಾರನೆಯ ದಿನ ಕೇಳಿದ್ದರೆ ಅವರಿಗೆ ಆ ಮಾತು ನೆನಪೂ ಇರುತ್ತಿರಲಿಲ್ಲ.

ಜನವರಿ ಕೊನೆಯ ಮೀಟಿನಲ್ಲಿ ಮೇಘಾ ತನ್ನ ಜೀವನದ ಅತ್ಯುತ್ತಮ ಟೈಮಿಂಗ್‌ನಲ್ಲಿ ಈಜಿದಳು. ಫ್ರೀಸ್ಟೈಲಿನಲ್ಲಿ ತಂಡದ ನಾಲ್ಕನೆಯವಳಾದಳು. ಅಲ್ಲಿಯವರೆಗೆ ನಾಲ್ಕನೆಯವಳಾಗಿದ್ದ ಕೇಟಿ ಐದಕ್ಕಿಳಿದಳು. ಕೂದಲೆಳೆಯ ಅಂತರ, ನಿಜ. ಆದರೆ ಗಡಿಯಾರಕ್ಕೆ ಕೂದಲೆಳೆಯೇ ಸಾಕು. ಹಾಗೆ ಹೇಳುತ್ತಿದ್ದವಳು ಸುಮನಾಳೇ. ಮೇಘಾ ನೀರಿನಿಂದ ತಲೆಯೆತ್ತಿ ಬೋರ್ಡು ನೋಡಿದಳು, ಆಮೇಲೆ ಅಮ್ಮನ ಕಡೆ. ಸುಮನಾ ಸ್ಟಾಪ್‌ವಾಚ್ ನೋಡುತ್ತಿದ್ದಳು. ಕೇಟಿ ಲೇನ್ ದಾಟಿ ಬಂದು ಮೇಘಾಳನ್ನು ತಬ್ಬಿಕೊಂಡಳು.

ಕಾನ್ಫರೆನ್ಸಿಗೆ ಹೆಸರು ಹಾಕಬೇಕಾದ ದಿನ ಬೆಳಿಗ್ಗೆ ಸುಮನಾ ಕಾಫಿ ಲೋಟ ಹಿಡಿದು ನನ್ನ ಎದುರು ಕೂತಳು. “ಏನ್ ಮಾಡ್ಲಿ ಹೇಳಿ” ಎಂದಳು.

ನನ್ನ ನೆನಪಿನಲ್ಲಿ ನಾನು ಹೇಳಿದ್ದು: “ನಿನಗೆ ಸರಿ ಅನ್ಸಿದ್ದು ಮಾಡು.” ಸುಮನಾಳ ನೆನಪಿನಲ್ಲಿ ನಾನು ಹೇಳಿದ್ದು: “ನಾಲ್ಕು ಜನ ಏನಂತಾರೆ, ಸ್ವಲ್ಪ ಯೋಚ್ನೆ ಮಾಡು.” ಎಷ್ಟೋ ಸಲ ಇದನ್ನು ತಿರುಗಿಸಿ ನೋಡಿದ್ದೇನೆ. ನನ್ನ ಮಾತು ಎಂದು ನನಗೆ ನೆನಪಿರುವುದು ಎಷ್ಟು ನಿರಪರಾಧಿ, ಎಷ್ಟು ದುಂಡಗೆ! ಮನುಷ್ಯರು ಬೆಳಗಿನ ಕಾಫಿಯ ಹೊತ್ತಿಗೆ ಹಾಗೆ ಮಾತಾಡುವುದಿಲ್ಲ. ಸುಮನಾ ಹೇಳುವ ಮಾತಿನಲ್ಲಿ ನನ್ನ ದನಿ ಇದೆ. ಅದೇ ಮಾತನ್ನು ನಾನು ಮನೆ ಕೊಳ್ಳುವಾಗ, ಮೇಘಾ ಹೊರಗೆ ತಿರುಗಾಡುವಾಗ, ಎಲ್ಲದಕ್ಕೂ ಹೇಳಿದ್ದೇನೆ. ಹಾಗಾಗಿ ಅವಳದೇ ಸರಿ ಇರಬೇಕು.

ಆ ಸಂಜೆ ಹಿಮ ಜೋರಾಗಿದ್ದರಿಂದ ನನ್ನ ದೊಡ್ಡ ಗಾಡಿ ತೆಗೆದುಕೊಂಡು ಇಬ್ಬರನ್ನೂ ಕರೆತರಲು ಹೋದೆ. ಮೇಘಾ ಹಿಂದಿನ ಸೀಟಿನಲ್ಲಿ ಕೂತಳು. ಕೂದಲಿನ ಹಿಮ ಮುರಿಯಲಿಲ್ಲ. ನನಗೆ ಇನ್ನೂ ಗೊತ್ತಿರಲಿಲ್ಲ, “ಏನಾಯ್ತು?” ಎಂದೆ. ಸುಮನಾಳೇ ಹೇಳಿದಳು.

“ಕೇಟಿ ಈಜ್ತಾಳೆ. ಅವಳಿಗೆ ರಿಲೇ ಅನುಭವ ಜಾಸ್ತಿ.”

ಸೇತುವೆ ಬಂತು. ಕೆಳಗೆ ನದಿ ಅಂಚಿನಲ್ಲಿ ಹೆಪ್ಪುಗಟ್ಟಿ ಮಧ್ಯದಲ್ಲಿ ಕಪ್ಪಗೆ ಹರಿಯುತ್ತಿತ್ತು. ಸೇತುವೆ ದಾಟಿದೆವು. ಸುಮನಾ ಸ್ವಲ್ಪ ತಿರುಗಿ, ಮನೆಯ ದನಿಯಲ್ಲಿ, “ಹಸಿವಾಗ್ತಿದ್ಯಾ ಮರಿ? ಬಿಸಿಬೇಳೆಬಾತ್ ಮಾಡ್ಲಾ?” ಎಂದಳು.

“ನೋ, ಥ್ಯಾಂಕ್ ಯು, ಕೋಚ್” ಎಂದಳು ಮೇಘಾ.

ಮನೆಗೆ ಬಂದ ಮೇಲೂ ಕೋಚ್. ಮಾರನೆಯ ದಿನವೂ. ಸಿಟ್ಟಿನಿಂದಲ್ಲ, ತುಂಬ ಸಭ್ಯವಾಗಿ.

ಆ ಭಾನುವಾರ ಮಧ್ಯಾಹ್ನ ಕೇಟಿ ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಕಾಲುಚೀಲದಲ್ಲಿ ಅಡುಗೆಮನೆಗೆ ಬಂದು ನಿಂತಳು. ಕೂರು ಎಂದರೂ ಕೂರಲಿಲ್ಲ.

“ಕೋಚ್, ಐ ಡೋಂಟ್ ವಾಂಟ್ ಇಟ್. ಮೇಘಾ ಈಸ್ ಫಾಸ್ಟರ್. ಎವ್ರಿಬಡಿ ನೋಸ್.”

ಗಡಿಯಾರ ಆರಿಸುತ್ತದೆ ಎಂದು ನೀವೇ ಹೇಳಿದ್ದಿರಲ್ಲ ಎಂದು ಕೇಳಿದಳು. ಕೇಳುವಾಗ ಅವಳ ಮುಖ ಕೆಂಪಾಗಿತ್ತು. ಯಾರ ತಪ್ಪಿಗೆ ಅವಳು ನಾಚುತ್ತಿದ್ದಳು ಎಂದು ಆಗ ನನಗೆ ಹೊಳೆಯಲಿಲ್ಲ. ಸುಮನಾ ಶಾಂತವಾಗಿ, ನಿರ್ಧಾರ ಆಗಿದೆ, ಹೋಗಿ ಚೆನ್ನಾಗಿ ನಿದ್ದೆ ಮಾಡು ಎಂದಳು. ಒಂದು ಡಬ್ಬಿ ತುಂಬ ಕೋಡುಬಳೆ ಕೊಟ್ಟು ಕಳಿಸಿದಳು.

ಬಾಗಿಲು ಹಾಕಿಕೊಂಡ ಮೇಲೆ ನಾನು ಹೇಳಿದೆ, ಇದನ್ನು ಮೂವರೂ ಒಪ್ಪುತ್ತೇವೆ: “ಎಷ್ಟು ಒಳ್ಳೇ ಹುಡುಗಿ, ಅಲ್ವಾ?”

ಮೇಘಾ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದಳು. ಕೆಳಗಿಳಿದು ಬಂದಳು.

“ಯು ಇನ್ಸಲ್ಟೆಡ್ ಹರ್ ಟೂ” ಎಂದಳು. ತನ್ನದಲ್ಲದ ಜಾಗದಲ್ಲಿ ಈಜಬೇಕು ಈಗ ಅವಳು, ಅದೂ ಗೊತ್ತಿದ್ದೂ ಗೊತ್ತಿದ್ದೂ, ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಅಪ್ಪಾ, ನಾನು ಬೇರೆ ಯಾರ ಮಗಳಾದ್ರೂ ಆಗಿದ್ರೆ?” ಎಂದು ಕನ್ನಡದಲ್ಲಿ ಕೇಳಿದಳು. ಮೇಘಾ ನಮ್ಮೊಡನೆ ಕನ್ನಡದಲ್ಲಿ ಮಾತಾಡುವುದೇ ಅಪರೂಪ. ನಾನು ಕುಕ್ಕರಿನ ಕಡೆ ನೋಡಿದೆ.

ಸುಮನಾ ಆಗಲಾದರೂ ಬದಲಿಸಬಹುದಿತ್ತು. ರಿಲೇಯ ಹೆಸರುಗಳನ್ನು ಸ್ಪರ್ಧೆಯ ದಿನದವರೆಗೂ ಬದಲಿಸಲು ಅವಕಾಶವಿರುತ್ತದೆ. ಪ್ರತಿದಿನ ಬದಲಿಸುತ್ತಾಳೆ ಎಂದುಕೊಂಡೆ. ಆದರೆ ಈಗ ಬದಲಿಸಿದರೆ ಮಗಳು ಮನೆಯಲ್ಲಿ ಅತ್ತು ಗಿಟ್ಟಿಸಿಕೊಂಡಳು ಎನ್ನುತ್ತಾರಲ್ಲ ಎಂಬ ಹೊಸ ಭಯ ಅವಳಿಗೆ. ಒಂದು ಭಯಕ್ಕೆ ಜಾಗ ಕೊಟ್ಟರೆ ಅದು ತನ್ನ ನೆಂಟರನ್ನೆಲ್ಲ ಕರೆತರುತ್ತದೆ.

ಫೆಬ್ರವರಿಯಲ್ಲಿ ಕಾನ್ಫರೆನ್ಸಿನ ಕೊನೆಯ ಸಂಜೆ, ಕೊನೆಯ ಸ್ಪರ್ಧೆ ರಿಲೇ. ಗ್ಯಾಲರಿಯ ಬಿಸಿಗೆ ಸ್ವೆಟರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದೆ. ಮೇಘಾ ತಂಡದ ಟೀ ಶರ್ಟು, ಟ್ರ್ಯಾಕ್ ಪ್ಯಾಂಟಿನಲ್ಲಿ, ಒಣ ಮೈಯಲ್ಲಿ, ಕೇಟಿಯ ಹಿಂದೆ ನಿಂತಿದ್ದಳು. ಕೇಟಿಯ ಭುಜ ತಿಕ್ಕಿ ಕಿವಿಯಲ್ಲಿ ಏನೋ ಹೇಳಿದಳು. ಕೇಟಿ ಹಾರಿದಳು. ಅವಳು ಅದಕ್ಕೂ ಮುಂಚೆ ಎಂದೂ ಹಾಗೆ ಈಜಿರಲಿಲ್ಲ, ಆಮೇಲೂ ಈಜಲಿಲ್ಲ. ಬೆರಳ ತುದಿಯಷ್ಟರಲ್ಲಿ ಗೆದ್ದರು. ಆ ಗೆಲುವಿನಿಂದ ಕಾನ್ಫರೆನ್ಸೂ ಬಂತು. ಇಡೀ ತಂಡ ಬಟ್ಟೆಯಲ್ಲೇ ನೀರಿಗೆ ಬಿತ್ತು, ಸುಮನಾಳನ್ನೂ ಎಳೆದುಕೊಂಡು. ಮೇಘಾ ದಡದಲ್ಲಿ ನಾಲ್ವರ ಟವೆಲ್ಲುಗಳನ್ನು ಹಿಡಿದು ನಿಂತಿದ್ದಳು.

ಸೋತಿದ್ದರೆ ಚೆನ್ನಾಗಿತ್ತು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ನಿಜ. ಸೋತಿದ್ದರೆ ಸುಮನಾ ತಪ್ಪು ಮಾಡಿದಳು ಎಂದಾಗುತ್ತಿತ್ತು. ತಪ್ಪಿಗೆ ಕ್ಷಮೆಯಾದರೂ ಕೇಳಬಹುದು. ಗೆದ್ದದ್ದರಿಂದ ಅದು ದೂರದೃಷ್ಟಿಯಾಯಿತು. ಆ ವರ್ಷದ ಶ್ರೇಷ್ಠ ಕೋಚ್ ಎಂಬ ಗೌರವ ಬಂತು. ಸಂಘದ ಪತ್ರಿಕೆಯಲ್ಲಿ ‘ಮಗಳಿಗಿಂತ ತಂಡ ದೊಡ್ಡದು’ ಎಂಬ ತಲೆಬರಹದಲ್ಲಿ ಲೇಖನ ಬಂತು. ನಾನು ಅದನ್ನು ಮೈಸೂರಿನ ನೆಂಟರಿಗೆಲ್ಲ ಕಳಿಸಿದೆ. ಗುರುರಾಜರು ಮನೆಗೆ ಬಂದು, “ನಾ ಚೇಷ್ಟಿ ಮಾಡಿದ್ದೆ ನೋಡ್ರಿ, ನೀವು ಉತ್ತರ ಕೊಟ್ರಿ!” ಎಂದು ಸುಮನಾಗೆ ಕೈ ಮುಗಿದರು. ಆಮೇಲಿನ ವರ್ಷಗಳಲ್ಲಿ ಒಳ್ಳೊಳ್ಳೆಯ ಹುಡುಗಿಯರು ಅವಳ ತಂಡಕ್ಕೆ ಹುಡುಕಿಕೊಂಡು ಬಂದರು. ಇಲ್ಲಿ ನ್ಯಾಯ ಇದೆಯಂತೆ ಎಂದು.

ಮೇಘಾ ಮತ್ತೆ ಈಜಲಿಲ್ಲ. ಯಾವ ನಾಟಕವೂ ಇಲ್ಲ. ಓದು ಮುಗಿಯಿತು, ಕೆಲಸ, ಮದುವೆ. ಬೇಸಿಗೆಯಲ್ಲಿ ಎಲ್ಲರೂ ಸಮುದ್ರಕ್ಕೆ ಹೋದರೆ ಅವಳು ಮರಳಿನ ಮೇಲೆ ಚಪ್ಪಲಿಗಳನ್ನು ಕಾಯುತ್ತಾ ಕೂರುತ್ತಾಳೆ. “ಅಮ್ಮ” ಯಾವಾಗ ವಾಪಸು ಬಂತು ಎಂದು ನನಗೆ ನೆನಪಿಲ್ಲ. ಬಂದದ್ದು ನಿಜ. ಆ ವಿಷಯ ಮಾತ್ರ ಈ ಯುಗಾದಿಯವರೆಗೂ ನಮ್ಮ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಮೂವರ ನೆನಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದು ಅದಾದ ಮೇಲೆ.

ಯುಗಾದಿ ಕಾರ್ಯಕ್ರಮ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಮಕ್ಕಳ ನೃತ್ಯ, ಭಾವಗೀತೆ ಆದ ಮೇಲೆ ಸುಮನಾಳನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಪ್ರಸನ್ನ ಆ ಕಥೆ ಹೇಳಿದ. ಚೆನ್ನಾಗಿಯೇ ಹೇಳಿದ. ಅವನ ಕಥೆಯಲ್ಲಿ ಮೇಘಾ ಕಣ್ಣೊರೆಸಿಕೊಂಡು “ಅಮ್ಮಾ, ನೀನು ಮಾಡಿದ್ದೇ ಸರಿ” ಎನ್ನುತ್ತಾಳೆ. ಅದು ಎಲ್ಲಿಂದ ಬಂತೋ. ಮೇಘಾ ನನ್ನ ಪಕ್ಕದಲ್ಲೇ, ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದಳು. ಚಪ್ಪಾಳೆ ಬಿದ್ದಾಗ ಮಗುವಿನ ಕಿವಿ ಮುಚ್ಚಿದಳು.

ಸುಮನಾ ಮೈಕಿನ ಮುಂದೆ ಬಂದಳು. ಥ್ಯಾಂಕ್ಸ್ ಹೇಳಿ ಇಳಿಯುತ್ತಾಳೆ ಎಂದುಕೊಂಡಿದ್ದೆ.

“ಪ್ರಸನ್ನ ಹೇಳಿದ್ದು ನಿಜ ಅಲ್ಲ” ಎಂದಳು. “ಅವತ್ತು ಮೇಘಾನೇ ಫಾಸ್ಟ್ ಇದ್ಲು. ಆ ಜಾಗ ಅವಳದ್ದು. ನಾನು ನ್ಯಾಯಕ್ಕೋಸ್ಕರ ಅವಳನ್ನ ಬಿಡ್ಲಿಲ್ಲ. ನೀವೆಲ್ಲ ಏನಂತೀರೋ ಅಂತ ಹೆದ್ರಿಕೊಂಡು ಬಿಟ್ಟೆ. ನನ್ನ ಹೆಸ್ರು ಉಳಿಸ್ಕೊಳ್ಳೋಕೆ ನನ್ನ ಮಗಳದ್ದನ್ನ ತಗೊಂಡೆ.”

ಆಮೇಲೆ ಪ್ರಸನ್ನ ತನ್ನ ಮೈಕಿನಲ್ಲಿ, ಗದ್ಗದ ದನಿಯಲ್ಲಿ, “ನೋಡಿದ್ರಾ, ಎಂಥ ವಿನಯ!” ಎಂದ. ಮುಂದಿನ ಸಾಲಿನಲ್ಲಿ ಗುರುರಾಜರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಆ ಸಾಲು, ಆ ಸಾಲನ್ನು ನೋಡಿ ಇಡೀ ಸಭಾಂಗಣ ಎದ್ದಿತು. ಸುಮನಾ ಬೇಡ ಎನ್ನುವಂತೆ ಕೈಯೆತ್ತಿದಳು. ಕೊಳದ ದಡದಲ್ಲಿ ಅವಳು ಹಾಗೆ ಕೈಯೆತ್ತಿದರೆ ಇಡೀ ತಂಡ ಇದ್ದಲ್ಲೇ ನಿಲ್ಲುತ್ತಿತ್ತು. ಇಲ್ಲಿ ಚಪ್ಪಾಳೆ ಇನ್ನೂ ಜೋರಾಯಿತು.

“ಅಪ್ಪಾ” ಎಂದಳು ಮೇಘಾ.

ತಿರುಗಿ ಕೆಳಗೆ ನೋಡಿದೆ. ಅವಳು ಕೂತೇ ಇದ್ದಳು. ನನ್ನ ಕೈಗಳನ್ನು ನೋಡುತ್ತಿದ್ದಳು.

“ವೈ ಆರ್ ಯು ಕ್ಲ್ಯಾಪಿಂಗ್?”

ನಾನು ಯಾವಾಗ ಎದ್ದೆ, ಯಾವಾಗ ತಟ್ಟಲು ಶುರುಮಾಡಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಕೈ ನಿಲ್ಲಿಸಿದೆ. ನಿಂತವರ ಮಧ್ಯೆ, ಯಾರಾದರೂ ಏನಂದುಕೊಂಡಾರೆಂದು ಒಮ್ಮೆ ಅಕ್ಕಪಕ್ಕ ನೋಡಿ, ಆಮೇಲೆ ಕೂತೆ.